ಟವೆಲ್ ಕೆಳಗಿನ ನಾಲ್ಕು ಬೆರಳು

ಶ್ರೀನಿವಾಸಪುರ,
12 ಆಗಸ್ಟ್ 2025, ಮಂಗಳವಾರ

ಮಾಸ್ತಿಯಲ್ಲಿರುವ ಕಾಂತರಾಜ ಬಾವನಿಗೆ,

ಗಂಗಾ ಬರೆಯುತ್ತಿರುವುದು. ಕ್ಷೇಮಸಮಾಚಾರ ಮೊದಲು ಮುಗಿಸಿಬಿಡುತ್ತೇನೆ. ಮೊಣಕಾಲು ನೋವು ಬಿಟ್ಟರೆ ಹೇಳಿಕೊಳ್ಳುವಂಥ ಕಾಯಿಲೆ ನನಗಿಲ್ಲ. ನೀಲಂ ಮಾವಿನಕಾಯಿಯೂ ಮುಗಿದು ನಮ್ಮ ಮಂಡಿ ಅಂಗಳ ತೊಳೆಸಿದ್ದಾಯಿತು. ನಿನ್ನ ಹಸುಗಳು, ಶಾಮಲ, ನೀನು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಹಸುಗಳನ್ನು ಮೊದಲು ಬರೆದೆ ಎಂದು ನಿನ್ನ ಹೆಂಡತಿ ಬೇಜಾರು ಮಾಡಿಕೊಳ್ಳಬಾರದು. ಈ ಪತ್ರವನ್ನು ಅವಳೂ ಓದಲಿ, ನನ್ನದೇನೂ ಅಡ್ಡಿಯಿಲ್ಲ. ಮೂವತ್ತೆರಡು ವರ್ಷ ಮುಚ್ಚಿಟ್ಟು ನನಗೂ ಸಾಕಾಗಿದೆ.

ಅರವತ್ತಾದ ಮೇಲೆ, ಅದೂ ಇಷ್ಟು ವರ್ಷ ಮಾತು ಬಿಟ್ಟವನಿಗೆ, ‘ನೀವು’ ಎಂದು ಬರೆಯುವುದೇ ಮರ್ಯಾದೆ. ಹಾಗೆ ಬರೆದೂ ನೋಡಿದೆ. ಅರ್ಧ ಹಾಳೆ ಮುಗಿಯುವಷ್ಟರಲ್ಲಿ ಸಹಕಾರ ಸಂಘದ ಅಧ್ಯಕ್ಷರಿಗೆ ಅರ್ಜಿ ಹಾಕಿದಂತಾಯಿತು. ಅದನ್ನು ಹರಿದು ‘ನೀನು’ ಎಂದೇ ಶುರು ಮಾಡಿದ್ದೇನೆ. ನನ್ನ ಅತ್ತೆಯ ಮಗ ನೀನು, ನಿನ್ನ ಜುಟ್ಟು ಹಿಡಿದು ಜಗಳ ಆಡಿದವಳು ನಾನು. ಕೋಪ ಬಂದರೆ ಸ್ವಲ್ಪ ಉಳಿಸಿಕೋ, ಮುಂದೆ ಓದಿದರೆ ಅದು ಬೇಕಾಗುತ್ತದೆ.

ಮೇಘನ ನಿನಗೆ ಫೋನ್ ಮಾಡಿದ್ದಳಂತೆ. ನಮ್ಮ ಗಿಟಾರಿನ ಕದಿರೇಶನ ಮಗಳು, ಕೋಲಾರದ ಕಾಲೇಜಿನಲ್ಲಿ ಪಾಠ ಮಾಡುತ್ತಾಳಲ್ಲ, ಅವಳೇ. ಮೂವತ್ತೊಂದನೇ ತಾರೀಕು ಭಾನುವಾರ ಕೋಲಾರದಲ್ಲಿ ನಮ್ಮ ತೋತಾಪುರೀಸ್ ಬ್ಯಾಂಡಿನ ನೆನಪಿಗೆ ಒಂದು ಸಂಜೆ ಇಟ್ಟುಕೊಂಡಿದ್ದಾಳೆ. ಕಾರ್ಯಕ್ರಮದ ಕೊನೆಯಲ್ಲಿ, ಉಳಿದಿರುವ ನಾವು ಮೂವರು, ಹಾಡಲು ಮುಳಬಾಗಿಲಿನ ಮುರಳಿಮೋಹನ್, ಡ್ರಮ್ಮಿಗೆ ನೀನು, ಬೇಸ್ ಗಿಟಾರಿಗೆ ನಾನು, ಒಂದೇ ಒಂದು ಹಾಡು ಬಾರಿಸಬೇಕು. ‘ಎರಡನೇ ಕೊಯ್ಲು’. ನೀನು ಅವಳಿಗೆ, “ಆ ಬ್ಯಾಂಡ್ ಮುಳುಗ್ಸಿದವನೇ ನಾನು ಕಣಮ್ಮ, ನನ್ ಹೆಸ್ರು ಪೋಸ್ಟರಲ್ಲೂ ಹಾಕ್ಬೇಡ” ಎಂದು ಹೇಳಿ ಫೋನ್ ಇಟ್ಟುಬಿಟ್ಟೆಯಂತೆ. ಇದನ್ನೆಲ್ಲ ಅವಳು ವಾಟ್ಸಾಪಿನಲ್ಲಿ ಬರೆದಿದ್ದಳು. ನನಗೆ ಏನಿದ್ದರೂ ಬರೆದೇ ಕಳಿಸು ಎಂದು ಅಭ್ಯಾಸ ಮಾಡಿಸಿದ್ದೇನೆ. ಈಗಿನವರಿಗೂ ಬಾಯಿಗಿಂತ ಬೆರಳೇ ಸಲೀಸು.

ನಾನು ತಿರುಗಿ ಒಂದೇ ಪ್ರಶ್ನೆ ಬರೆದೆ. “ನಿನ್ನ ಮಾತು ಅವನಿಗೆ ಕೇಳಿಸಿತಾ?” ಎಂದು. ಪಾಪ, ಅವಳಿಗೆ ವಿಚಿತ್ರ ಅನ್ನಿಸಿರಬೇಕು. ಬಲಗಿವಿಗೆ ಮಿಷನ್ ಹಾಕಿಕೊಂಡಿದ್ದಾರಂತೆ ಆಂಟಿ, ಒಂದು ಸಲಕ್ಕೇ ಎಲ್ಲ ಕೇಳಿಸಿತು, ಹಿಂದೆ ಕರು ಕೂಗಿದ್ದೂ ಅವರಿಗೆ ಕೇಳಿಸಿ ಒಳಗೆ ಹೇಳಿದರು ಎಂದು ಬರೆದಳು. ನನಗೆ ತುಂಬಾ ಸಂತೋಷವಾಯಿತು ಬಾವ. ಕರು ಕೂಗಿದ್ದು ನಿನಗೆ ಕೇಳಿಸಿತು ಎನ್ನುವುದಕ್ಕೆ.

ಆಮೇಲೆ ಹೋದ ಶುಕ್ರವಾರ ಅವಳೇ ಮನೆಗೆ ಬಂದಳು, ಅಪ್ಪನ ಟ್ರಂಕು ಹೊತ್ತುಕೊಂಡು. ಕದಿರೇಶ ಹೋಗಿದ್ದು ಮಾರ್ಚಿನಲ್ಲಿ. ನೀನು ಮಣ್ಣಿಗೆ ಬಂದಿದ್ದೆ, ದೂರದಲ್ಲಿ ನಿಂತಿದ್ದೆ, ನಾನು ನೋಡಿದೆ. ಆ ಟ್ರಂಕಿನಲ್ಲಿ ಮೂವತ್ತೇಳು ಕ್ಯಾಸೆಟ್ ಇವೆ. ನಾವು ಎಲ್ಲಿ ಬಾರಿಸಿದರೂ ಅವನು ಆ ಹಳೇ ಟೇಪ್ ರೆಕಾರ್ಡರನ್ನು ಬಿದಿರಿನ ಗಳಕ್ಕೆ ಕಟ್ಟುತ್ತಿದ್ದನಲ್ಲ, ಎಲ್ಲವನ್ನೂ ಇಟ್ಟಿದ್ದಾನೆ. ಒಂದೊಂದರ ಮೇಲೂ ಅವನ ಇರುವೆ ಸಾಲಿನ ಅಕ್ಷರ. ನಾವು ಹೇಗೆ ಬಾರಿಸಿದೆವು ಎಂದು ಎಲ್ಲೂ ಬರೆದಿಲ್ಲ, ಏನು ತಿಂದೆವು ಎಂದು ಬರೆದಿದ್ದಾನೆ. ‘ಕ್ಯಾಲನೂರು ಡೇರಿ ವಾರ್ಷಿಕೋತ್ಸವ, 1986. ಮುದ್ದೆ, ಹುರುಳಿಕಾಳು ಸಾರು. ಕರೆಂಟು ಎರಡು ಸಲ ಹೋಯಿತು.’ ‘ಮಾಲೂರು ಹೆಂಚಿನ ಕಾರ್ಖಾನೆ, ಆಯುಧಪೂಜೆ, 1987. ಚಿತ್ರಾನ್ನ. ಮುರಳಿಗೆ ಗಂಟಲು ಕಟ್ಟಿದೆ.’ ಕೊನೆಯ ಕ್ಯಾಸೆಟ್ ಮೇಲೆ ‘ಕೋಲಾರ, ಫೆಬ್ರವರಿ 1993’ ಅಂತಷ್ಟೇ ಇದೆ, ಊಟದ ಹೆಸರಿಲ್ಲ. ಆ ದಿನ ಯಾರೂ ಊಟ ಮಾಡಲಿಲ್ಲ.

ಮೇಘನ ಟೇಪ್ ರೆಕಾರ್ಡರನ್ನೂ ತಂದಿದ್ದಳು. ಒಂದೊಂದಾಗಿ ಹಾಕಿದಳು. ನಾನು ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೂತೆ, ಮಧ್ಯಾಹ್ನ ಪೂರ್ತಿ. ಅವಳಿಗೆ ಈ ಮುದುಕಿಗೆ ದುಃಖ ಬಂದಿದೆ ಅನ್ನಿಸಿತೋ ಏನೋ, ಕಾಫಿ ಮಾಡಿಕೊಂಡು ಬಂದು ಪಕ್ಕದಲ್ಲಿಟ್ಟಳು.

ಮೊದಲನೆಯ ಕ್ಯಾಸೆಟ್ ನಮ್ಮ ಮಂಡಿ ಅಂಗಳದ್ದು. 1984, ಇದೇ ಆಗಸ್ಟ್ ತಿಂಗಳು. ಸೀಸನ್ ಮುಗಿದು ಖಾಲಿ ಬಿದ್ದಿದ್ದ ಮರದ ಪೆಟ್ಟಿಗೆಗಳನ್ನು ಬೋರಲು ಹಾಕಿ, ಮೇಲೆ ಹಲಗೆ ಹಾಸಿ ಸ್ಟೇಜು ಮಾಡಿದ್ದೆವು. ಎರಡನೇ ಹಾಡಿಗೆ ನಿನ್ನ ಕೆಳಗಿನ ಪೆಟ್ಟಿಗೆ ಮುರಿದು ಸ್ಟೂಲು ಒಳಗೆ ಹೋಯಿತು. ನೀನು ಮಂಡಿಯೂರಿಕೊಂಡೇ ಹಾಡು ಮುಗಿಸಿದೆ. ನಾನು ಹತ್ತೊಂಬತ್ತು ವರ್ಷದವಳು, ಲಂಗದಾವಣಿಗೆ ನಾಲ್ಕು ಕಡೆ ಪಿನ್ನು ಚುಚ್ಚಿಕೊಂಡು, ಬರಿಗಾಲಲ್ಲಿ, ನನ್ನಷ್ಟೇ ಉದ್ದದ ಗಿಟಾರ್ ಹೊತ್ತು ನಿಂತಿದ್ದೆ. ಕದಿರೇಶ ಚಿನ್ನದ ಗಣಿಯ ಕಡೆಯ ಯಾರೋ ವಾದ್ಯದವರಿಂದ ತಂದಿದ್ದ ಬೇಸ್ ಅದು. ನಾಲ್ಕು ತಂತಿ ಅಷ್ಟೇ ಇದೆ ಎಂದು ನೀವು ಗಂಡಸರೆಲ್ಲ ಮೂಗು ಮುರಿದಿರಿ, ಹಾಗಾಗಿ ನನಗೆ ಸಿಕ್ಕಿತು. ಹೆಣ್ಣುಮಗಳು ಸ್ಟೇಜು ಹತ್ತಬೇಕಾ ಎಂದು ಊರೆಲ್ಲ ಮಾತಾಡಿದಾಗ ನಿಮ್ಮಮ್ಮ, ನನ್ನ ಬೈರಮ್ಮತ್ತೆ, “ನಮ್ ಮನೆಗ್ ಬರೋ ಸೊಸೆ, ನನ್ ಮಗನ್ ಪಕ್ದಲ್ಲೇ ನಿಂತ್ಕೊಂಡ್ರೆ ಯಾರಪ್ಪನ್ ಗಂಟೇನ್ ಹೋಯ್ತದೆ” ಅಂದಿದ್ದರು. ಮಾತು ಅಲ್ಲಿಗೆ ನಿಂತಿತು.

ಅಪ್ಪ ಮಾತ್ರ ಎರಡು ಗಂಟೆಯೂ ಸ್ಟೇಜಿಗೆ ಬೆನ್ನು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮಂಡಿ ಚನ್ನರಾಯಪ್ಪನ ಮಗಳು ಕುಣಿತಾಳೆ ಅನ್ನಿಸಿಕೊಳ್ಳಬಾರದಲ್ಲ. ಮಾರನೆಯ ದಿನ ಕಾಯಿ ಲೆಕ್ಕ ನೋಡುತ್ತಾ, ನನ್ನ ಕಡೆ ತಿರುಗದೆ, “ಆ ದಪ್ಪ ತಂತಿದು ನೀನೇನಾ ಬಾರಿಸ್ತಿದ್ದಿದ್ದು? ಕಿವಿಗೆ ಬರಲ್ಲ ಅದು, ಎದೆಗೆ ಬರ್ತದೆ” ಅಂದರು. ನನಗೆ ಜೀವನದಲ್ಲಿ ಸಿಕ್ಕ ಸರ್ಟಿಫಿಕೇಟು ಅದೊಂದೇ. ಮಂಡಿ ನಡೆಸುವುದಕ್ಕೆ ಯಾರೂ ಕೊಟ್ಟಿಲ್ಲ.

ಎಷ್ಟು ಊರು ಸುತ್ತಿದೆವು ಬಾವ ಒಂಬತ್ತು ವರ್ಷದಲ್ಲಿ. ಬಸ್ಸಿನ ಟಾಪಿನ ಮೇಲೆ ನಿನ್ನ ದೊಡ್ಡ ಡ್ರಮ್ಮು, ಅದರ ಪಕ್ಕ ಯಾರದೋ ಕೋಳಿ ಬುಟ್ಟಿ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಗಾರರು ಕೈಗೆ ಸಿಕ್ಕ ಹೆಂಚು ಬಡಿದು ತಾಳ ಹಾಕಿದರು. ಆ ರಾತ್ರಿ ಎಷ್ಟು ಹೆಂಚು ಒಡೆದವು ಎಂದು ಮಾಲೀಕರು ಪಾಪ ಬಾಯಿ ಬಿಟ್ಟು ಹೇಳಲಿಲ್ಲ, ಮುಂದಿನ ವರ್ಷ ಕರೆಯಲೂ ಇಲ್ಲ. ಕ್ಯಾಲನೂರಿನಲ್ಲಿ ಮಾರನೆಯ ದಿನ ಹಸುಗಳು ಹಾಲು ಕಡಿಮೆ ಕೊಟ್ಟವು ಎಂದು ಡೇರಿ ಸೆಕ್ರೆಟರಿ ನಿನ್ನನ್ನು ಹುಡುಕಿಕೊಂಡು ಬಂದಿದ್ದ. ಈಗ ನೀನೇ ಹಸು ಕಟ್ಟಿದ್ದೀಯಲ್ಲ, ಹೇಳು, ನಿಜವಾ ಅದು? ಮುಳಬಾಗಿಲಿನಲ್ಲಿ ಮುರಳಿಯ ಅಪ್ಪನ ಹೋಟೆಲಿನ ಮುಂದೆ ಬಾರಿಸಿದಾಗ ಜನ ಒಂದು ಕೈಯಲ್ಲಿ ದೋಸೆ ಹಿಡಿದು ಇನ್ನೊಂದು ಕೈ ಮೇಲೆತ್ತಿ ಕುಣಿದರು. ಮೊದಲೆಲ್ಲ ಕದಿರೇಶ ತಂದ ರೆಕಾರ್ಡುಗಳ ಇಂಗ್ಲಿಷ್ ಹಾಡು ಬಾರಿಸಿ, ಸಿನಿಮಾ ಹಾಡು ಹಾಡ್ರೋ ಎಂದು ಬೈಸಿಕೊಂಡೆವು. ಆಮೇಲೆ ನಮ್ಮದೇ ಹಾಡು ಕಟ್ಟಿದೆವು, ಅರ್ಧ ಕನ್ನಡ, ಅರ್ಧ ತೆಲುಗು, ನಾವು ಮನೆಯಲ್ಲಿ ಮಾತಾಡುವ ಹಾಗೆ. ಅಲ್ಲಿಂದ ಯಾರೂ ಬೈಯಲಿಲ್ಲ.

ಎಲ್ಲಕ್ಕಿಂತ ದೊಡ್ಡದು ‘ಎರಡನೇ ಕೊಯ್ಲು’. ಹನ್ನೊಂದು ನಿಮಿಷದ ಹಾಡು. ಮೊದಲ ಕೊಯ್ಲಿನಲ್ಲಿ ಕೈಗೆ ಎಟುಕದೆ ಮರದ ತುದಿಯಲ್ಲಿ ಉಳಿದ ಕಾಯಿಯ ಮೇಲೆ ಮುರಳಿ ಕಟ್ಟಿದ್ದು. ಹಾಡು ಏರಿ ಏರಿ ನಡುವೆ ಒಂದು ಕಡೆ ಧಡಕ್ಕನೆ ನಿಲ್ಲುತ್ತದೆ. ನಾಲ್ಕು ಎಣಿಕೆಯಷ್ಟು ಹೊತ್ತು ಯಾರೂ ಉಸಿರು ಬಿಡುವಂತಿಲ್ಲ. ಮೈದಾನವೆಲ್ಲ ನಿಶ್ಶಬ್ದ. ಆಮೇಲೆ ನಾಲ್ವರೂ ಒಟ್ಟಿಗೆ ಬೀಳಬೇಕು. ಜನ ಆ ಜಾಗಕ್ಕೇ ಕಾಯುತ್ತಿದ್ದರು.

ಅದು ಒಟ್ಟಿಗೆ ಬೀಳುತ್ತಿದ್ದುದು ಹೇಗೆ ಎಂದು ನಮ್ಮಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಮಂಡಿಯಲ್ಲಿ ಅಪ್ಪ ವ್ಯಾಪಾರ ಮಾಡುತ್ತಿದ್ದುದನ್ನು ನೋಡಿಯೇ ನಾವಿಬ್ಬರೂ ಬೆಳೆದವರು. ಕೊಳ್ಳುವವನ ಕೈ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಬೆರಳು ಒತ್ತಿ ರೇಟು ಹೇಳುವುದು. ಸುತ್ತ ಹತ್ತು ಜನ ನಿಂತಿದ್ದರೂ ಆ ಇಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಬೆವರು ಒರೆಸಲು ನಿನ್ನ ಹೆಗಲ ಮೇಲೆ ಹೇಗೂ ಟವೆಲ್ ಇರುತ್ತಿತ್ತು. ಹಾಡು ನಿಂತ ಕೂಡಲೇ ನಾನು ಎಡಗೈಯಲ್ಲಿ ತಂತಿ ಅದುಮಿ, ಬಲಗೈಯನ್ನು ಆ ಟವೆಲಿನ ಕೆಳಗೆ ಇಡುತ್ತಿದ್ದೆ. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು, ಒಂದಾದ ಮೇಲೆ ಒಂದು. ಕೈ ತೆಗೆದರೆ ನೀನು ಹೊಡೆಯಬೇಕು. ಮೊದಲು ಅದು ನಮ್ಮಿಬ್ಬರ ಆಟವಾಗಿತ್ತು.

ಆಟ ಯಾವಾಗ ಊರುಗೋಲಾಯಿತು ಎಂದು ನಿನಗೂ ಗೊತ್ತು. 1990ರ ಹೊತ್ತಿಗೆ ನೀನು ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಅದಕ್ಕೇ ನಾನು ನಿನ್ನ ಬಲಗಡೆಗೆ ಬಂದು ನಿಂತೆ, ಸಿಂಬಲಿನ ತಟ್ಟೆಯ ಪಕ್ಕಕ್ಕೆ. ಪ್ರತಿ ಹಾಡಿಗೂ ಮೊದಲು ಟವೆಲ್ ಕೆಳಗೆ ತಟ್ಟಿ ಲಯ ಹೇಳಿದೆ, ಹಲಗೆಯನ್ನು ಬರಿಗಾಲಲ್ಲಿ ಒದ್ದು ಒದ್ದು ನಡೆಸಿದೆ. ಮುರಳಿಗೂ ಕದಿರೇಶನಿಗೂ ಒಂದು ಚೂರೂ ಅನುಮಾನ ಬರಲಿಲ್ಲ. ಕಾಂತನ ಕೈ ಗಡಿಯಾರ ಇದ್ದಂಗೆ ಕಣೋ ಎಂದು ಮುರಳಿ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದ.

ಬೆಂಗಳೂರಿನ ಆ ಕಿವಿ ಡಾಕ್ಟರರ ಹತ್ತಿರ ನಿನ್ನನ್ನು ಎಳೆದುಕೊಂಡು ಹೋದದ್ದು 1992ರ ದೀಪಾವಳಿ ಆದ ಮೇಲೆ. ಮನೆಯಲ್ಲಿ ಗಿಟಾರಿಗೆ ತಂತಿ ತರುತ್ತೇವೆ ಎಂದು ಸುಳ್ಳು ಹೇಳಿದ್ದೆವು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ, ಡ್ರಮ್ ಬಿಟ್ಟರೆ ಆ ಅರ್ಧ ಉಳಿಯುತ್ತದೆ, ಬಿಡದಿದ್ದರೆ ಇನ್ನೊಂದು ವರ್ಷ ಅಷ್ಟೇ ಎಂದು ಅವರು ನಿನ್ನೆದುರೇ ಹೇಳಿದರು. ನಿನಗೆ ಕೇಳಿಸದೆ ಹೋದೀತು ಎಂದು ಚೀಟಿಯಲ್ಲಿಯೂ ಬರೆದು ಕೊಟ್ಟರು. ನೀನು ಆ ಚೀಟಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಸಿಪ್ಪೆಯ ಜೊತೆ ಎಸೆದುಬಿಟ್ಟೆ. ನಾನು ಅಳುತ್ತಿದ್ದೆ. ನೀನು ನಕ್ಕು, “ಪೋನೀಲೇ ಗಂಗಾ, ಬಿಟ್ಟಾಕು. ಕಿವಿ ಹೋದ್ರೆ ಹೋಗ್ಲಿ, ನಿನ್ ಬೆರಳಿದೆಯಲ್ಲ” ಅಂದೆ.

ಆ ಮಾತು ಕೇಳಿ ಬೇರೆ ಯಾವ ಹುಡುಗಿಯಾದರೂ ಕರಗಿಹೋಗುತ್ತಿದ್ದಳು. ನನಗೆ ಭಯವಾಯಿತು. ನಾನು ಬೆರಳು ಕೊಟ್ಟಷ್ಟು ದಿನವೂ ನೀನು ಬಾರಿಸುತ್ತೀಯ, ನಿನ್ನ ಕಿವಿಯನ್ನು ಕಳೆಯುತ್ತಿರುವವಳು ನಾನೇ ಎಂದು ಆ ಬಸ್ಸಿನಲ್ಲಿ ನನಗೆ ಅರ್ಥವಾಯಿತು.

ಆಮೇಲೆ ಮದರಾಸಿನ ಕ್ಯಾಸೆಟ್ ಕಂಪನಿಯವರು ಬಂದರು. ಫೆಬ್ರವರಿಯಲ್ಲಿ ಕೋಲಾರದ ಕಾರ್ಯಕ್ರಮ ನೋಡುತ್ತೇವೆ, ಒಪ್ಪಿಗೆಯಾದರೆ ನಾಲ್ಕು ತಿಂಗಳಲ್ಲಿ ನಲವತ್ತು ಊರು ಅಂದರು. ನಿಮ್ಮ ಮೂವರ ಮುಖ ನೋಡಬೇಕಿತ್ತು. ಮಾವಿನ ಮರಗಳೆಲ್ಲ ಹೂ ಬಿಟ್ಟಿದ್ದವು, ಸೀಸನ್ ಮುಗಿದ ಮೇಲೆ ನಮ್ಮಿಬ್ಬರ ಮದುವೆ ಎಂದು ಅತ್ತೆಯೂ ಅಪ್ಪನೂ ಮಾತಾಡಿಕೊಂಡಿದ್ದರು. ನಾನು ನಿನ್ನನ್ನು ಮೂರು ಸಲ ಕೇಳಿಕೊಂಡೆ, ಬೇಡ ಬಾವ ಎಂದು. ನೀನು ಮೂರು ಸಲವೂ ಪೋನೀಲೇ ಅಂದೆ. ಮುರಳಿಗೆ ಹೇಳಿಬಿಡುತ್ತೇನೆ ಎಂದು ಹೆದರಿಸಿದೆ. ಹೇಳಿದರೆ ನನ್ನ ಮುಖವನ್ನೇ ನೋಡುವುದಿಲ್ಲ ಎಂದು ನೀನು ಅಂದೆ. ನಿನ್ನ ಮಾತನ್ನು ನಂಬಿದೆ, ಹೇಳಲಿಲ್ಲ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಇಷ್ಟು ಹಾಳೆ ಬರೆದದ್ದು ಇಲ್ಲಿಗೆ ಬರಲು ಧೈರ್ಯ ಸಾಲದೆ.

ಆ ದಿನ ಕೋಲಾರದಲ್ಲಿ ‘ಎರಡನೇ ಕೊಯ್ಲು’ ನಿಂತಾಗ ನಾನು ಮೂರೇ ಬೆರಳು ಒತ್ತಿ ಕೈ ತೆಗೆದೆ. ಮರೆತಲ್ಲ. ಬೆವರಿಗೆ ಜಾರಿದ್ದೂ ಅಲ್ಲ. ಬೇಕೆಂದೇ ತೆಗೆದೆ.

ಅಷ್ಟು ದೊಡ್ಡ ಮೈದಾನದ ನಿಶ್ಶಬ್ದದಲ್ಲಿ ನೀನೊಬ್ಬನೇ ಹೊಡೆದೆ. ಒಂದೇ ಏಟು. ಮುರಳಿ ತಿರುಗಿ ನೋಡಿದ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಹಿಂದಿನವರೂ ನಕ್ಕರು. ನೀನು ಕಡ್ಡಿ ಮೇಲೆತ್ತಿಕೊಂಡು ಹಾಗೇ ಕೂತುಬಿಟ್ಟೆ. ಹಾಡು ಮತ್ತೆ ಒಂದಾಗಲೇ ಇಲ್ಲ. ಕದಿರೇಶ ಒಂದು ಕಡೆ, ಮುರಳಿ ಒಂದು ಕಡೆ, ಎರಡು ನಿಮಿಷದಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಮದರಾಸಿನವರು ಎದ್ದು ಹೋದರು.

ನಾನು ಅಂದುಕೊಂಡದ್ದೇ ಬೇರೆ ಬಾವ. ನೀನು ನನ್ನನ್ನು ಬೈಯುತ್ತೀಯ, ಎಲ್ಲರ ಮುಂದೆ ನನ್ನ ಜುಟ್ಟು ಹಿಡಿಯುತ್ತೀಯ, ನಾಲ್ಕು ದಿನ ಮುನಿಸಿಕೊಳ್ಳುತ್ತೀಯ, ಆಮೇಲೆ ಸರಿಹೋಗುತ್ತೀಯ ಎಂದು. ನಿನ್ನನ್ನೇ ನೀನು ಬೈದುಕೊಳ್ಳುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ನೀನು ಡ್ರಮ್ಮಿನ ಮೇಲೆ ಕೂತಿದ್ದೆ, ಕಣ್ಣು ಕೆಂಪಗಿತ್ತು. “ನನ್ ಮೈಯೇ ನನಗ್ ಮೋಸ ಮಾಡ್ತು ಗಂಗಾ. ನೀನ್ ನಾಲ್ಕು ಒತ್ತಿದ್ದೆ, ನನಗ್ ಮೂರೇ ತಿಳೀತು. ಕಿವಿ ಹೋಯ್ತು, ಈಗ ಚರ್ಮಾನೂ ಹೋಯ್ತು” ಅಂದೆ. ಆಗ ನಾನು ಬಾಯಿ ಬಿಡಬೇಕಿತ್ತು. ನಾನು ಏನಂದೆ ಎಂದು ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ಪೋನೀಲೇ ಬಾವ ಅಂದೆ.

ಮಾರನೆಯ ವಾರ ನೀನು ಡ್ರಮ್ಮನ್ನು ಮದುವೆ ಬ್ಯಾಂಡಿನವರಿಗೆ ಕೊಟ್ಟುಬಿಟ್ಟೆ. ಆಮೇಲೆ ಇಂಥ ಕೆಟ್ಟ ಮೈಯವನು ಯಾರ ಕೈಯನ್ನೂ ಹಿಡಿಯಬಾರದು ಎಂದು ಅತ್ತೆಗೆ ಹೇಳಿ ನಮ್ಮ ಮದುವೆಯ ಮಾತುಕತೆಯನ್ನೂ ಮುರಿದೆ. ಮೂರು ವರ್ಷವಾದ ಮೇಲೆ ಶಾಮಲ ಬಂದು ನಿನ್ನನ್ನು ಮನುಷ್ಯನನ್ನಾಗಿ ಮಾಡಿದಳು, ಅವಳಿಗೆ ಪುಣ್ಯ ಬರಲಿ. ನಾನೂ ಮದುವೆಯಾದೆ. ಉಮಾಶಂಕರ್ ಬಹಳ ಒಳ್ಳೆಯ ಮನುಷ್ಯ, ತಾಳಜ್ಞಾನ ಒಂದಿರಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರಿಗೂ ಇದನ್ನು ಹೇಳಿರಲಿಲ್ಲ. ಕದಿರೇಶನಿಗೆ ಹೇಳಬೇಕೆಂದು ಜನವರಿಯಲ್ಲಿ ಹೋಗಿದ್ದೆ, ಅವನು ಮಲಗಿದ್ದ ಸ್ಥಿತಿ ನೋಡಿ ಹಾಗೇ ವಾಪಸ್ಸು ಬಂದೆ. ಅತ್ತೆಯ ತಿಥಿಯ ದಿನ ನೀನೇ ಪಂಕ್ತಿಯಲ್ಲಿ ಬಡಿಸುತ್ತಾ ಬಂದೆ. ನನ್ನ ಎಲೆಗೆ ಎರಡು ಸಲ ಪಾಯಸ ಹಾಕಿದೆ, ಮುಖ ಮಾತ್ರ ನೋಡಲಿಲ್ಲ. ನಿನಗೆ ನನ್ನ ಮೇಲೆ ಕೋಪ ಅಂದುಕೊಂಡಿದ್ದೆ. ನಿನಗೆ ನಾಚಿಕೆ ಎಂದು ಮೇಘನಳ ಮೆಸೇಜು ಓದಿದ ಮೇಲೆ ತಿಳಿಯಿತು. ನನ್ನ ತಪ್ಪಿಗೆ ನೀನು ಮೂವತ್ತೆರಡು ವರ್ಷ ತಲೆ ತಗ್ಗಿಸಿದ್ದೀಯ.

ನಿನ್ನ ಕಿವಿ ಉಳಿಸಿದೆ ಎಂದು ಬೀಗುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕಿವಿ ನಿನ್ನದು, ಡ್ರಮ್ಮೂ ನಿನ್ನದು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನೀನು ತೀರ್ಮಾನ ಮಾಡಬೇಕಿತ್ತು. ನಾನು ನಿನ್ನ ಕೇಳದೆ ನಿನ್ನ ಪರವಾಗಿ ವ್ಯಾಪಾರ ಮುಗಿಸಿಬಿಟ್ಟೆ. ಮಂಡಿಯಲ್ಲಿ ಯಾವನಾದರೂ ಹಾಗೆ ಮಾಡಿದರೆ ಮತ್ತೆ ಒಳಗೆ ಸೇರಿಸುವುದಿಲ್ಲ. ಕರು ಕೂಗಿದ್ದು ಕೇಳಿಸಿತು ಎಂದು ಓದಿ ಅತ್ತವಳೂ ನಾನೇ, ಇದನ್ನು ತಪ್ಪು ಎಂದು ಬರೆಯುತ್ತಿರುವವಳೂ ನಾನೇ. ಎರಡೂ ನಿಜ. ಯಾವುದು ಹೆಚ್ಚು ಎಂದು ನನಗೆ ಗೊತ್ತಾಗಿಲ್ಲ.

ಇನ್ನೊಂದು ವಿಷಯವಿದೆ, ಇದನ್ನು ಕೇಳಿದರೆ ನೀನು ನಗುತ್ತೀಯ. ಮೇಘನ ಆ ಕೊನೆಯ ಕ್ಯಾಸೆಟ್ಟನ್ನು ಎರಡು ವರ್ಷದ ಹಿಂದೆಯೇ ಇಂಟರ್‌ನೆಟ್ಟಿಗೆ ಹಾಕಿದ್ದಾಳೆ. ನಮ್ಮ ಮೂವತ್ತೇಳರಲ್ಲಿ ಜನ ಹೆಚ್ಚು ಕೇಳಿರುವುದು ಅದನ್ನೇ. ಆ ನಿಶ್ಶಬ್ದದ ನಡುವಿನ ಒಂಟಿ ಏಟನ್ನು ನಾವು ಬೇಕೆಂದೇ ಇಟ್ಟದ್ದು ಎಂದು ಎಲ್ಲರೂ ನಂಬಿದ್ದಾರೆ. ಈಗ ಕೋಲಾರದಲ್ಲಿ, ಬೆಂಗಳೂರಿನಲ್ಲಿ, ಹುಡುಗ ಹುಡುಗಿಯರ ಬ್ಯಾಂಡುಗಳು ‘ಎರಡನೇ ಕೊಯ್ಲು’ ಬಾರಿಸುತ್ತವಂತೆ. ಎಲ್ಲರೂ ಮೂರಕ್ಕೆ ಆ ಏಟು ಹೊಡೆಯುತ್ತಾರೆ. ಅದಕ್ಕೆ ‘ತೋತಾಪುರಿ ಏಟು’ ಎಂದು ಹೆಸರು ಬೇರೆ. ಮೇಘನ ಒಂದು ವಿಡಿಯೋ ತೋರಿಸಿದಳು. ಡ್ರಮ್ಮಿನವಳು, ಇಪ್ಪತ್ತು ವರ್ಷವಿರಬಹುದು, ಕಡ್ಡಿ ಮೇಲೆತ್ತಿ ಕಾಯುತ್ತಾಳೆ. ಕೆಳಗೆ ಐನೂರು ಜನ ಕೈ ಮೇಲೆತ್ತಿ ಕಾಯುತ್ತಾರೆ. ಅವಳ ತೋಳು ಕೆಳಗೆ ಬಿದ್ದ ಕ್ಷಣ ಅಷ್ಟೂ ಜನ ಒಟ್ಟಿಗೆ ನೆಗೆದರು. ನಾನು ಅದನ್ನು ಆರು ಸಲ ನೋಡಿದೆ. ನೀನು ಬ್ಯಾಂಡ್ ಮುಳುಗಿಸಿದೆ ಅಂದುಕೊಂಡಿರುವ ಏಟು ಅದು. ಆ ಬ್ಯಾಂಡಿನಲ್ಲಿ ಇವತ್ತು ಬದುಕಿ ಉಳಿದಿರುವುದು ಅದೊಂದೇ.

ನಿನ್ನ ಬದಲು ಆ ಹುಡುಗಿಯನ್ನೇ ಕರೆಸುತ್ತೇನೆ ಆಂಟಿ ಎಂದು ಮೇಘನ ಆಮೇಲೆ ಮೆಸೇಜು ಮಾಡಿದಳು. ಕಾಂತ ಇಲ್ಲದೆ ನಾನು ಹಾಡಲ್ಲ ಎಂದು ಮುರಳಿ ಬರೆದ. ನಾನು ಅವನಿಗಿಂತ ಖಡಕ್ಕಾಗಿ ಬೇಡ ಎಂದು ಬರೆದೆ, ಕಾರಣ ಹೇಳಲಿಲ್ಲ. ಹಾಗಾಗಿ ಈಗ ಎಲ್ಲ ನಿನ್ನ ಮೇಲೆ ನಿಂತಿದೆ. ನೀನು ಬಂದರೆ ಹಾಡು, ಬರದಿದ್ದರೆ ಕ್ಯಾಸೆಟ್ ಹಾಕಿ ಹೂಗುಚ್ಛ ಕೊಟ್ಟು ಕಳಿಸುತ್ತಾರೆ. ಒಂದೇ ಹಾಡು, ಹನ್ನೊಂದು ನಿಮಿಷ. ಮಿಷನ್ ತೆಗೆದಿಟ್ಟು ಆ ಬಲಗಿವಿಗೆ ಹತ್ತಿ ಇಟ್ಟುಕೋ, ಸ್ಪೀಕರು ಸಣ್ಣಗಿರಲಿ ಎಂದು ನಾನು ಮೇಘನಳಿಗೆ ಬರೆದಿದ್ದೇನೆ. ಈ ಸಲ ತೀರ್ಮಾನ ನಿನ್ನದು. ಬೇಡ ಎನ್ನಿಸಿದರೆ ಬರಬೇಡ. ಬಂದು ಸ್ಟೇಜಿನ ಮೇಲೆ ಎಲ್ಲರ ಮುಂದೆ ನನ್ನನ್ನು ಬೈಯಬೇಕು ಅನ್ನಿಸಿದರೂ ಬಾ. ಮುರಳಿಗೆ ನಾನೇ ಹೇಳುತ್ತೇನೆ, ನೀನು ಈ ಪತ್ರ ಓದಿದ ಮೇಲೆ. ಮೊದಲು ನಿನಗೆ ತಿಳಿಯಬೇಕಿತ್ತು.

ಮಾಸ್ತಿಯಿಂದ ಮಾಲೂರಿಗೆ ಬಸ್ಸು, ಅಲ್ಲಿಂದ ಕೋಲಾರಕ್ಕೆ. ನಿನಗೆ ನಾನು ಹೇಳಬೇಕಾಗಿಲ್ಲ. ಶಾಮಲಳನ್ನೂ ಕರೆದುಕೊಂಡು ಬಾ, ಅವಳು ನೀನು ಬಾರಿಸುವುದನ್ನು ನೋಡಿಯೇ ಇಲ್ಲ. ಅವತ್ತು ಒಂದು ಹೊತ್ತು ಹಾಲು ಬೇರೆ ಯಾರಾದರೂ ಕರೆಯಲಿ.

ನಿನ್ನ ಬಲಗಡೆ ನಿಂತಿದ್ದವಳು,
ಗಂಗಾ

ತಾ.ಕ.: ಬರುತ್ತೇನೆ ಎಂದು ಹೇಳಲು ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ. ಸೊಕ್ಕು ಅಂದುಕೊಳ್ಳಬೇಡ. ಎರಡು ವರ್ಷದಿಂದ ನನಗೆ ಏನೂ ಕೇಳಿಸುವುದಿಲ್ಲ. ಎಡಗಿವಿ ಮೊದಲು ಹೋಯಿತು, ನಿನ್ನ ಸಿಂಬಲಿನ ಕಡೆಯದು. ಬಲಗಿವಿ ಅದರ ಹಿಂದೆಯೇ ಹೋಯಿತು. ಮಿಷನ್ ಹಾಕಿ ನೋಡಿದರು, ಪ್ರಯೋಜನವಿಲ್ಲ ಅಂದರು. ಮಂಡಿಯಲ್ಲಿ ಹಳೆಯ ಆಳು ಪೆದ್ದಪ್ಪನಿಗೊಬ್ಬನಿಗೆ ಗೊತ್ತು. ಟವೆಲ್ ಕೆಳಗೆ ವ್ಯಾಪಾರ ಮಾಡುವವಳಿಗೆ ಕಿವಿ ಇದೆಯಾ ಎಂದು ಯಾರೂ ಕೇಳುವುದಿಲ್ಲ. ಮೇಘನ ಮನೆಗೆ ಬಂದಾಗ ಅವಳ ತುಟಿ ನೋಡಿಕೊಂಡು ತಲೆಯಾಡಿಸಿದೆ, ಅವಳಿಗೂ ಮುರಳಿಗೂ ಹೇಳಿಲ್ಲ, ಹೇಳಿದರೆ ಹಾಡೇ ಬೇಡ ಅಂತಾರೆ. ಬಾರಿಸುವುದು ಬೆರಳಿಗೆ ಇನ್ನೂ ನೆನಪಿದೆ, ನಿನ್ನ ಲಯ ಹಲಗೆಯಿಂದ ನನ್ನ ಕಾಲಿಗೆ ಬರುತ್ತದೆ. ನಡುವಿನ ಆ ಜಾಗ ಒಂದೇ ನನಗೆ ಸಿಗುವುದಿಲ್ಲ, ಅಲ್ಲಿ ಹಲಗೆಯೂ ಸುಮ್ಮನಿರುತ್ತದೆ. ಅಲ್ಲಿ ನೀನು ನನ್ನ ಹೆಗಲ ಮೇಲೆ ಬೆರಳು ಒತ್ತಬೇಕು. ಮೂರಕ್ಕೇ ಕೈ ತೆಗೆದರೂ ನನ್ನ ತಕರಾರಿಲ್ಲ. ಟವೆಲ್ ನಾನೇ ತರುತ್ತೇನೆ.